ತುಳಸಿಗೇರಿಯಿಂದ ಆಸ್ಪತ್ರೆ ಎಷ್ಟು ದೂರ?

ಹನುಮಪ್ಪನ ಗುಡಿಗೆ ಬಂದವರಿಗೆ ತುಳಸಿಗೇರಿಯ ರಸ್ತೆ ಗೊತ್ತು. ಒಂದು ಕಡೆ ಕಲಾದಗಿ, ಇನ್ನೊಂದು ಕಡೆ ಬಾಗಲಕೋಟೆ. ಇಲ್ಲಿ ಮಧ್ಯರಾತ್ರಿ ಯಾರಿಗಾದರೂ ಎದೆನೋವು ಬಂದರೆ ದೊಡ್ಡ ಆಸ್ಪತ್ರೆ ಎಷ್ಟು ದೂರ? ಈ ಪ್ರಶ್ನೆ ಹಿಡಿದು ನಾವು ಹಿಂದಿನ ಕಾಲ ನೋಡಿದೆವು.

1885ರವರೆಗೆ ಪಕ್ಕದ ಕಲಾದಗಿಯೇ ಜಿಲ್ಲಾ ಕೇಂದ್ರ. ಆ ವರ್ಷ ಬ್ರಿಟಿಷರು ಅದನ್ನು ವಿಜಯಪುರಕ್ಕೆ ಒಯ್ದರು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಜಿಲ್ಲಾ ಕೇಂದ್ರವೆಂದರೆ ಕೃಷ್ಣೆಯ ಆಚೆ ದಂಡೆ. 1957ರಲ್ಲಿ ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂತು. ಅದೂ ನೂರು ಕಿಲೋಮೀಟರಿಗಿಂತ ದೂರ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು, 2002ರಲ್ಲಿ ಅಲ್ಲಿಯೇ ವೈದ್ಯಕೀಯ ಕಾಲೇಜು ಶುರುವಾಯಿತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಓಡತೊಡಗಿತು.

ದಾರಿ ಹತ್ತಿರವಾಯಿತು. ಆದರೆ ಆಸ್ಪತ್ರೆ ಮುಟ್ಟಿದರೆ ಸಾಕೆ? ಒಳಗಿನ ಆರೈಕೆಗೂ ಒಂದು ಇತಿಹಾಸವಿದೆ. ಮೊದಲು ಹೃದಯಾಘಾತವಾದವರನ್ನು ವಾರಗಟ್ಟಲೆ ಮಂಚದ ಮೇಲೆ ಮಲಗಿಸುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ಇಂಥ ರೋಗಿಗಳನ್ನು ಒಂದೇ ವಾರ್ಡಿನಲ್ಲಿಟ್ಟು ಹಗಲು ರಾತ್ರಿ ಹೃದಯ ಬಡಿತ ಗಮನಿಸಬೇಕು ಎಂದು 1961ರಲ್ಲಿ ಡೆಸ್ಮಂಡ್ ಜೂಲಿಯನ್ ಎಂಬ ವೈದ್ಯರು ಬರೆದರು. ಇಂದಿನ ಹೃದ್ರೋಗ ಐಸಿಯು ಹುಟ್ಟಿದ್ದು ಹಾಗೆ. 1986ರಲ್ಲಿ ಇಟಲಿಯ ವೈದ್ಯರು 11 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ರಕ್ತದ ಹೆಪ್ಪು ಕರಗಿಸುವ ಔಷಧ ಪರೀಕ್ಷಿಸಿದರು. ನೋವು ಶುರುವಾದ ಒಂದು ತಾಸಿನೊಳಗೆ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆರು ತಾಸು ದಾಟಿದವರಿಗೆ ಲಾಭ ಕಾಣಲಿಲ್ಲ.

ಅಂದರೆ ಔಷಧವೇ ಹಳ್ಳಿಯ ಹತ್ತಿರ ಬರಬೇಕು. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ಸರ್ಕಾರ ತಂದ ಹೃದಯಜ್ಯೋತಿ ಯೋಜನೆಯ ಉದ್ದೇಶ ಇದೇ. ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಎಂದು ಖಚಿತವಾದರೆ, ರೋಗಿಗೆ ಹೊಂದುವುದಾದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಕಲಾದಗಿಯಿಂದ ವಿಜಯಪುರಕ್ಕೆ ಹೋದದ್ದು ಬಾಗಲಕೋಟೆಗೆ ಮರಳಲು 112 ವರ್ಷ ಹಿಡಿಯಿತು. ಈಗ ಉಳಿದ ದೂರ ನಮ್ಮ ಮನೆಯೊಳಗೇ ಇದೆ. "ಗ್ಯಾಸ್ ಆಗಿರಬೇಕು, ಸೋಡಾ ಕುಡಿ, ಮುಂಜಾನೆ ನೋಡೋಣ" ಅನ್ನುವಷ್ಟರಲ್ಲಿ ಆ ಒಂದು ತಾಸು ಕಳೆದಿರುತ್ತದೆ. ಎದೆ ಹಿಂಡಿದಂತಾಗಿ ಬೆವರು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆ ಮುಟ್ಟಿದ ಕೂಡಲೇ ಕೇಳಿ: "ಡಾಕ್ಟರ್ರೇ, ಇಸಿಜಿ ಮಾಡ್ತೀರೇನ್ರಿ?"