ಕಂದಾಯದ ಲೆಕ್ಕಿಗರ ಪರಿಭಾಷೆ: ಪ್ರಾಂತಭೇದಗಳ ಚಾರಿತ್ರಿಕ ಹಿನ್ನೆಲೆ

ಕನ್ನಡ ಭಾಷೆಯ ಚರಿತ್ರೆಯನ್ನು ಬರೆಯುವವರು ಶಾಸನಗಳತ್ತಲೂ ಕಾವ್ಯಗಳತ್ತಲೂ ದೃಷ್ಟಿ ಹರಿಸುವುದು ಸಹಜವಾದುದು. ಆದರೆ ಸಾಮಾನ್ಯ ರೈತನ ಬಾಳನ್ನು ವರ್ಷವರ್ಷವೂ ಮುಟ್ಟಿದ ಬರವಣಿಗೆ ಕವಿಯದಲ್ಲ, ಊರಿನ ಲೆಕ್ಕಿಗನದು. ಜಮೀನು ಯಾರದು, ಅದರ ಆಕಾರವೆಷ್ಟು, ಬಾಕಿಯೆಷ್ಟು ಎಂಬುದೆಲ್ಲವೂ ಅವನು ಬರೆದ ಒಂದು ಸಾಲನ್ನು ಅವಲಂಬಿಸಿದ್ದಿತು. ಈ ಲೆಕ್ಕಿಗರು ತಮ್ಮ ಕೆಲಸದಲ್ಲಿ ಬಳಸುತ್ತಿದ್ದ ಮಾತು 1956ಕ್ಕೆ ಹಿಂದೆ ಕನ್ನಡನಾಡಿನ ಎಲ್ಲ ಭಾಗಗಳಲ್ಲಿಯೂ ಒಂದೇ ಆಗಿರಲಿಲ್ಲ. ಆ ಭೇದಗಳು ಬರಿಯ ಉಚ್ಚಾರಣೆಯ ಭೇದಗಳಲ್ಲ. ಆಯಾ ಪ್ರಾಂತವನ್ನಾಳಿದ ಸರ್ಕಾರಗಳು ಜನರ ನಾಲಗೆಯ ಮೇಲೆ ಉಳಿಸಿಹೋದ ಗುರುತುಗಳು. ಅವುಗಳನ್ನರಿಯದೆ ಹಳೆಯ ಕಂದಾಯದ ದಾಖಲೆಗಳನ್ನು ಓದುವುದು ಸಾಧ್ಯವಿಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಲೆಕ್ಕಿಗನ ಹೆಸರನ್ನೇ ನೋಡಬಹುದು. ಹಳೆಯ ಮೈಸೂರಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಅವನು ಶಾನುಭೋಗ; ಶಾಸನಗಳಲ್ಲಿ ಕಾಣುವ ‘ಸೇನಬೋವ’ ಶಬ್ದದ ಇಂದಿನ ರೂಪವಿದು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳಲ್ಲಿ ಅವನು ಕುಲಕರ್ಣಿ. ಮದರಾಸಿನ ಆಡಳಿತಕ್ಕೊಳಪಟ್ಟಿದ್ದ ಬಳ್ಳಾರಿಯಲ್ಲಿ ಕರಣಂ. ನಿಜಾಮರ ಆಳ್ವಿಕೆಯ ಸೀಮೆಯಲ್ಲಿ ಪಟವಾರಿ. ಅವನ ಮೇಲಣ ತಾಲ್ಲೂಕಿನ ಅಧಿಕಾರಿಯೂ ಅಂತೆಯೇ: ಮೈಸೂರಿನವರಿಗೆ ಅಮಲ್ದಾರ, ಧಾರವಾಡದವರಿಗೆ ಮಾಮಲೇದಾರ, ಮದರಾಸು ಮತ್ತು ಹೈದರಾಬಾದು ಪ್ರಾಂತದವರಿಗೆ ತಹಶೀಲ್ದಾರ. ಒಂದೇ ಕನ್ನಡವನ್ನಾಡುವ, ಒಂದೇ ಬಗೆಯ ನೆಲವನ್ನು ಉಳುವ ಇಬ್ಬರು ರೈತರು ಗಡಿಯ ಸಂತೆಯೊಂದರಲ್ಲಿ ಕೂಡಿದರೆ, ಬೆಳೆಯ ವಿಷಯವನ್ನು ನಿರಾತಂಕವಾಗಿ ಮಾತನಾಡಬಲ್ಲವರಾಗಿದ್ದರು. ಕಂದಾಯದ ವಿಷಯ ಬಂದೊಡನೆ ಒಬ್ಬರ ಮಾತು ಇನ್ನೊಬ್ಬರಿಗೆ ತೊಡಕಾಗುತ್ತಿದ್ದಿತು.

ನೆಲದ ವರ್ಗೀಕರಣವೂ ಅಳತೆಯೂ ಇದಕ್ಕೆ ಉತ್ತಮ ನಿದರ್ಶನ. ಮೈಸೂರಿನ ಲೆಕ್ಕಗಳಲ್ಲಿ ಜಮೀನು ಖುಷ್ಕಿ, ತರಿ, ಬಾಗಾಯ್ತು ಎಂದು ಮೂರು ತೆರ. ಒಣಗಿದ್ದು, ಒದ್ದೆಯಾದದ್ದು, ತೋಟ ಎಂಬ ಅರ್ಥದ ಪಾರಸಿ ಶಬ್ದಗಳಿಂದ ಬಂದ ಮಾತುಗಳಿವು. ಮದರಾಸಿನ ಆಡಳಿತಕ್ಕೆ ಸೇರಿದ್ದ ಕಡೆಗಳಲ್ಲಿ ಇದೇ ಭೇದಕ್ಕೆ ಪುಂಜೆ, ನಂಜೆ ಎಂಬ ದ್ರಾವಿಡ ಶಬ್ದಗಳು ಬಳಕೆಯಲ್ಲಿದ್ದವು. 1863ರಲ್ಲಿ ಮೈಸೂರಿನಲ್ಲಿ ಆರಂಭವಾದ ಭೂಮಾಪನವು ಮುಂಬಯಿಯ ಪದ್ಧತಿಯನ್ನು ಅನುಸರಿಸಿದುದರಿಂದ ಎಕರೆ, ಗುಂಟೆ, ಆಣೆಗಳ ಲೆಕ್ಕ ಇಲ್ಲಿ ನೆಲೆಗೊಂಡಿತು. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಮದರಾಸಿನ ಪದ್ಧತಿಯಲ್ಲಿ ಎಕರೆಗೆ 100 ಸೆಂಟು. ಇಂದಿಗೂ ಮಂಗಳೂರಿನ ಕಡೆಯವರು ನಿವೇಶನವನ್ನು ಸೆಂಟಿನಲ್ಲಿಯೂ ಮಂಡ್ಯದವರು ಗುಂಟೆಯಲ್ಲಿಯೂ ಹೇಳುವುದು ಈ ಕಾರಣದಿಂದಲೇ. ಕಾಲವನ್ನೆಣಿಸುವುದರಲ್ಲಿಯೂ ಭೇದವುಂಟು. ಮದರಾಸಿನ ಲೆಕ್ಕಗಳು ಜುಲೈ 1ರಿಂದ ಆರಂಭವಾಗುವ ಫಸಲಿ ವರ್ಷವನ್ನು ಅನುಸರಿಸುತ್ತಿದ್ದವು. ಆ ಸಂಖ್ಯೆಗೆ 590ನ್ನು ಕೂಡಿಸಿದರೆ ಅದು ಆರಂಭವಾದ ಕ್ರಿಸ್ತಶಕ ವರ್ಷ ದೊರೆಯುತ್ತದೆ. 1365ನೆಯ ಫಸಲಿಯೆಂದರೆ 1955-56.

ಒಂದೇ ಶಬ್ದವು ಬೇರೆ ಬೇರೆ ಅರ್ಥಗಳನ್ನು ತಾಳಿದ ಪ್ರಸಂಗಗಳು ಇನ್ನೂ ಹೆಚ್ಚು ಎಚ್ಚರವನ್ನು ಬೇಡುತ್ತವೆ. ‘ವರ್ಗ’ವೆಂದರೆ ಮೈಸೂರಿನ ಕಚೇರಿಯಲ್ಲಿ ವರ್ಗಾವಣೆ, ದಕ್ಷಿಣ ಕನ್ನಡದಲ್ಲಿ ಅದು ಒಬ್ಬ ಹಿಡುವಳಿದಾರನ ಜಮೀನಿನ ಒಟ್ಟು, ಅದನ್ನುಳ್ಳವನು ವರ್ಗದಾರ. ಅಲ್ಲಿಯ ಮೂಲಗೇಣಿ, ಚಾಲಗೇಣಿಗಳ ಅಂತರ, ಎಂದರೆ ಶಾಶ್ವತವಾದ ಗೇಣಿಗೂ ಒಡೆಯನ ಇಷ್ಟವಿರುವವರೆಗಿನ ಗೇಣಿಗೂ ಇರುವ ಅಂತರ, ಗುತ್ತಿಗೆ ಎಂಬ ಒಂದೇ ಮಾತನ್ನು ಬಲ್ಲ ಬಯಲುಸೀಮೆಯವನಿಗೆ ಸುಲಭವಾಗಿ ಹೊಳೆಯದು.

ಇನ್ನು ಉಚ್ಚಾರಣೆ. ಪಾರಸಿ, ಅರಬ್ಬಿ ಮೂಲದ ಶಬ್ದಗಳು ಲೆಕ್ಕಿಗನ ಬಾಯಿಂದ ರೈತನ ಬಾಯಿಗೆ ಇಳಿದಾಗ ಕನ್ನಡದ ಧ್ವನಿನಿಯಮಕ್ಕೆ ಒಳಗಾದವು. ಖಾತೆ ‘ಕಾತೆ’ಯಾಯಿತು, ಖರಾಬು ‘ಕರಾಬು’ ಆಯಿತು, ಫಸಲು ‘ಪಸಲು’ ಆಯಿತು. ಹಳೆಯ ಮೈಸೂರಿನವರು ಕೊನೆಗೆ ಉಕಾರವನ್ನು ಸೇರಿಸಿ ಜಮೀನು, ವಸೂಲು, ನಂಬರು ಎಂದರೆ, ಧಾರವಾಡದವರು ಜಮೀನ, ವಸೂಲ, ನಂಬರ ಎಂದರು. ಮೋಡಿ ಲಿಪಿಯಲ್ಲಿ ಮರಾಠಿಯನ್ನು ಬರೆದು ಪಳಗಿದ್ದ ಕುಲಕರ್ಣಿಯು ಮಹಾಪ್ರಾಣವನ್ನು ಉಳಿಸಿಕೊಂಡ. ಅದೇ ಊರಿನ ಒಕ್ಕಲಿಗ ಉಳಿಸಿಕೊಳ್ಳಲಿಲ್ಲ. ಹೀಗೆ ಒಂದು ಅಕ್ಷರದ ಉಚ್ಚಾರಣೆಯಿಂದಲೇ ಲೆಕ್ಕ ಬರೆಯುವವನಾರು, ಕೊಡುವವನಾರು ಎಂಬುದು ವ್ಯಕ್ತವಾಗುತ್ತಿದ್ದಿತು.

ನಿತ್ಯದ ಕೆಲಸದ ಮಾತುಗಳಲ್ಲಿ ಕೆಲವು ತಮ್ಮ ಮೂಲವಸ್ತುವನ್ನು ಕಳೆದುಕೊಂಡೂ ಬಾಳಿವೆ. ‘ಕಡತ’ವೆಂಬುದು ಹಿಂದೆ ಹುಣಿಸೆಬೀಜದ ಸರಿ ಮತ್ತು ಇದ್ದಿಲನ್ನು ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದು ಮಡಿಸಿಡುತ್ತಿದ್ದ ಬಟ್ಟೆ, ಬಟ್ಟೆ ಹೋಯಿತು, ಕಚೇರಿಯ ಕಾಗದದ ಕಟ್ಟಿಗೆ ಆ ಹೆಸರು ಉಳಿಯಿತು. ಬೆಳೆಯನ್ನು ಅಂದಾಜು ಮಾಡುವಾಗ ಪೂರ್ಣ ಫಸಲನ್ನು 16 ಆಣೆಯೆಂದೆಣಿಸಿ, ‘ಈ ವರ್ಷ ಎಂಟಾಣೆ ಬೆಳೆ’ ಎನ್ನುತ್ತಿದ್ದರು. 1957ರಲ್ಲಿ ದಶಮಾಂಶದ ನಾಣ್ಯಗಳು ಬಂದ ಮೇಲೆಯೂ ಆಣೆವಾರಿ ಎಂಬ ಮಾತು ಒಮ್ಮೆಲೇ ಅಳಿಯಲಿಲ್ಲ. ಆ ಎಂಟಾಣೆಯನ್ನು ಲೆಕ್ಕಿಗನು ಹತ್ತಾಣೆಯೆಂದು ಬರೆದರೆ ಬರಗಾಲದ ಕಂದಾಯದ ರಿಯಾಯಿತಿಗೆ ಕುಂದು ಬರಬಹುದಾಗಿತ್ತು. ಇಲ್ಲಿ ಮಾತೆಂಬುದು ಅನ್ನದ ಪ್ರಶ್ನೆಯೇ ಆಗಿದ್ದಿತು.

ಈ ದೃಷ್ಟಿಯಿಂದ ‘ಪಹಣಿ’ಯಷ್ಟು ವಿಚಾರಾರ್ಹವಾದ ಶಬ್ದ ಮತ್ತೊಂದಿಲ್ಲ. ನೋಡುವುದು ಎಂಬ ಅರ್ಥದ ಮರಾಠಿ ಧಾತುವಿನಿಂದ ಅದು ಬಂದಿದೆ. ಲೆಕ್ಕಿಗನು ಹೊಲಕ್ಕೆ ಹೋಗಿ ಬೆಳೆಯನ್ನೂ ಬೆಳೆದವನನ್ನೂ ಕಣ್ಣಾರೆ ಕಂಡು ಬರೆಯುವುದೇ ಪಹಣಿ. ಕಾಲಕ್ರಮದಲ್ಲಿ ನೋಡುವ ಕ್ರಿಯೆ ಹಿಂದಾಗಿ, ಕಾಗದಕ್ಕೇ ಆ ಹೆಸರು ನಿಂತಿತು. ಧಾರವಾಡದ ಕಡೆ ಅದರ ನಕಲು ‘ಉತಾರ’. ಮದರಾಸಿನ ಸೀಮೆಯಲ್ಲಿ ಇಂಥ ಲೆಕ್ಕಕ್ಕೆ ‘ಅಡಂಗಲ್’ ಎಂದು ಹೆಸರು. ಮೈಸೂರಿನ ಹಳ್ಳಿಗರ ಬಾಯಲ್ಲಿ ‘ಪಾಣಿ’. ಚಾವಡಿಯಲ್ಲಿಯೇ ಕುಳಿತು ಬರೆದ ಪಹಣಿಯಲ್ಲಿ ಉಳುವವನ ಹೆಸರು ಬಿಟ್ಟುಹೋದರೆ ಅವನಿಗೆ ತಿಳಿಯುತ್ತಲೇ ಇರಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರರು ಭೂನ್ಯಾಯ ಮಂಡಳಿಗಳ ಮುಂದೆ ಹಕ್ಕನ್ನು ಕೇಳಿದಾಗ, ಈ ಸಾಗುವಳಿದಾರರ ಕಲಮು ಪ್ರಬಲವಾದ ಸಾಕ್ಷ್ಯವಾಯಿತು. ಅದರಲ್ಲಿ ಹೆಸರಿಲ್ಲದವನು ತಾನು ಉತ್ತದ್ದನ್ನು ಬೇರೆ ಸಾಕ್ಷಿಗಳಿಂದ ಸ್ಥಾಪಿಸಬೇಕಾಯಿತು.

ಕಾನೂನು ಪ್ರಾಂತಭೇದಗಳನ್ನು ಬಹುಮಟ್ಟಿಗೆ ಅಳಿಸಿದೆ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಶಾಸನವು ರದ್ದುಪಡಿಸಿತು. 1964ರ ಭೂಕಂದಾಯದ ಶಾಸನವು ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ತಂದಿತು. ಶಾನುಭೋಗ, ಕುಲಕರ್ಣಿ, ಕರಣಂ, ಪಟವಾರಿಗಳ ಸ್ಥಾನದಲ್ಲಿ ಸಂಬಳದ ಗ್ರಾಮ ಲೆಕ್ಕಿಗನು ಬಂದನು. ಈ ಶತಮಾನದ ಆರಂಭದ ವೇಳೆಗೆ ‘ಭೂಮಿ’ ಯೋಜನೆಯ ಮೂಲಕ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರವನ್ನು ಸೇರಿದವು. ಇದರಿಂದ ರೈತನಿಗಾದ ಅನುಕೂಲ ಸಣ್ಣದಲ್ಲ. ಆದರೆ ಗಣಕಯಂತ್ರಕ್ಕೆ ಏರಿದ್ದು ಇತ್ತೀಚಿನ ಸಾಲುಗಳು ಮಾತ್ರ. ಅವುಗಳ ಹಿಂದಿನ ಕೈಬರೆಹದ ಕಟ್ಟುಗಳು ದಾಖಲೆ ಕೊಠಡಿಗಳಲ್ಲಿವೆ, ಅವುಗಳನ್ನು ಓದಬಲ್ಲವರು ವಿರಳವಾಗುತ್ತಿದ್ದಾರೆ. ಮೋಡಿಯನ್ನು ಓದಬಲ್ಲ, ಫಸಲಿಯನ್ನು ಎಣಿಸಬಲ್ಲ, ‘ವರ್ಗ’ದ ಎರಡರ್ಥಗಳನ್ನು ಬೇರ್ಪಡಿಸಬಲ್ಲ ತರುಣರನ್ನು ಚರಿತ್ರೆಯ ತರಗತಿಗಳಲ್ಲಿಯೇ ಸಿದ್ಧಪಡಿಸಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಹಿರಿಯರಿಂದ ಇಂಥ ಹತ್ತು ಮಾತುಗಳನ್ನು, ಅವರು ಉಚ್ಚರಿಸುವಂತೆಯೇ, ಬರೆದು ತಂದರೂ ಆ ಕೆಲಸಕ್ಕೆ ತಳಹದಿಯಾದೀತು.