ಊರೇ ಸಂಸಾರವಾಗುವ ಪ್ರೇಮಕಥೆಗಳು

ಇಂಗ್ಲಿಷಿನ ಜನಪ್ರಿಯ ಕಾದಂಬರಿಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ. ನೊಂದ ಜೀವವೊಂದು ಸಣ್ಣ ಊರಿಗೆ ಬಂದು ಸೇರುತ್ತದೆ. ಅಲ್ಲಿ ಪ್ರೀತಿ ಸಿಗುತ್ತದೆ, ಜೊತೆಗೆ ರಕ್ತಸಂಬಂಧವಿಲ್ಲದ ಒಂದು ಸಂಸಾರವೂ ಕೂಡಿಬರುತ್ತದೆ. ಕೊನೆ ಮೊದಲೇ ಗೊತ್ತಿರುವ ಓದು ಎಂದು ಇದನ್ನು ಬದಿಗೆ ಸರಿಸುವವರಿದ್ದಾರೆ. ಆದರೆ ಯಾವ ಕಾಲದಲ್ಲಿ ಯಾರಿಗೆ ಆಸರೆ ತಪ್ಪಿತ್ತು ಎಂಬುದು ಈ ಕಾದಂಬರಿಗಳಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ.

ಬೇರು ಹುಡುಕಿದರೆ ಜಾರ್ಜ್ ಎಲಿಯಟ್ 1861ರಲ್ಲಿ ಬರೆದ ‘ಸೈಲಸ್ ಮಾರ್ನರ್’ ಸಿಗುತ್ತದೆ. ಪರವೂರಿನಿಂದ ಬಂದು ನೆಲೆಸಿದ ಒಂಟಿ ನೇಕಾರ ಕೂಡಿಟ್ಟಿದ್ದ ಚಿನ್ನದ ನಾಣ್ಯಗಳು ಕಳುವಾಗುತ್ತವೆ. ಮುಂದೊಂದು ರಾತ್ರಿ ಅವನ ಒಲೆಯ ಮುಂದೆ ಹೊಂಗೂದಲಿನ ಮಗುವೊಂದು ಮಲಗಿರುತ್ತದೆ; ದೃಷ್ಟಿ ಮಂದವಾದ ಅವನಿಗೆ ತನ್ನ ಚಿನ್ನವೇ ಮರಳಿ ಬಂತೆಂಬ ಭ್ರಮೆ. ಹದಿನಾರು ವರ್ಷಗಳ ಮೇಲೆ ಹೆತ್ತ ತಂದೆ, ಊರಿನ ಸಿರಿವಂತ, ಮಗಳನ್ನು ಕರೆದೊಯ್ಯಲು ಬಂದರೆ, ಎಪ್ಪಿ ಎಂಬ ಹೆಸರಿನಲ್ಲಿ ಬೆಳೆದ ಆ ಹುಡುಗಿ ಹೋಗಲೊಲ್ಲಳು. ಊರಿನ ಯುವಕ ಏರನ್‌ನನ್ನು ಮದುವೆಯಾಗುವಾಗಲೂ ಸಾಕಿದ ಅಪ್ಪನನ್ನು ಬಿಟ್ಟಿರಲು ಅವಳು ಒಪ್ಪುವುದಿಲ್ಲ.

ಕೆನಡಾದ ಎಲ್. ಎಂ. ಮಾಂಟ್ಗೊಮೆರಿ ಈ ಎಳೆಯನ್ನು ಎರಡು ಬಗೆಯಲ್ಲಿ ನೇಯ್ದರು. 1908ರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ನಲ್ಲಿ ಹೊಲದ ಕೆಲಸಕ್ಕೆ ಹುಡುಗ ಬೇಕೆಂದ ಅಣ್ಣತಂಗಿಯರಿಗೆ ಅನಾಥ ಹುಡುಗಿ ಬಂದು ಸೇರುತ್ತಾಳೆ. 1926ರ ‘ದಿ ಬ್ಲೂ ಕ್ಯಾಸಲ್’ನಲ್ಲಿ ಹೆತ್ತ ಮನೆಯೇ ಉಸಿರುಗಟ್ಟಿಸುತ್ತದೆ. ಇನ್ನು ಒಂದೇ ವರ್ಷದ ಆಯುಷ್ಯ ಎಂದು ವೈದ್ಯರ ಪತ್ರದಿಂದ ತಿಳಿದ 29ರ ವ್ಯಾಲೆನ್ಸಿ ಮನೆ ಬಿಟ್ಟು, ಊರು ದೂರವಿಟ್ಟಿದ್ದ ಕ್ಷಯರೋಗಿ ಗೆಳತಿಯ ಆರೈಕೆಗೆ ನಿಲ್ಲುತ್ತಾಳೆ. ತಾನು ಮೆಚ್ಚಿದವನೆದುರು ಮದುವೆಯ ಮಾತನ್ನೂ ಅವಳೇ ಎತ್ತುತ್ತಾಳೆ.

ಇಪ್ಪತ್ತನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಇದು ಸರಣಿಯ ರೂಪ ಪಡೆಯಿತು.

ಜಾಹೀರಾತು ವೃತ್ತಿ ಬಿಟ್ಟು ನಾರ್ತ್ ಕ್ಯಾರೊಲಿನಾದ ಬ್ಲೋಯಿಂಗ್ ರಾಕ್ ಸೇರಿದ ಜಾನ್ ಕ್ಯಾರನ್ ಅಲ್ಲಿನ ಸ್ಥಳೀಯ ಪತ್ರಿಕೆಗೆ ಧಾರಾವಾಹಿಯಾಗಿ ಬರೆದದ್ದು ‘ಅಟ್ ಹೋಮ್ ಇನ್ ಮಿಟ್‌ಫರ್ಡ್’ (1994). ಅರವತ್ತರ ಆಸುಪಾಸಿನ ಅವಿವಾಹಿತ ಪಾದ್ರಿಯ ಮನೆಗೆ ಮೊದಲು ಬೈಬಲ್ ವಾಕ್ಯ ಕೇಳಿದರಷ್ಟೇ ತೆಪ್ಪಗಾಗುವ ದೈತ್ಯ ನಾಯಿ, ಆಮೇಲೆ ಡೂಲಿ ಎಂಬ ಹುಡುಗ ಬಂದು ಸೇರುತ್ತಾರೆ. ಪಕ್ಕದ ಮನೆಯ ಲೇಖಕಿಯ ಮೇಲೆ ಪಾದ್ರಿಗೆ ಮನಸ್ಸೂ ಆಗುತ್ತದೆ. ಡೆಬಿ ಮ್ಯಾಕೋಂಬರ್ ತಮ್ಮೂರು ಪೋರ್ಟ್ ಆರ್ಚರ್ಡ್‌ನ ಮಾದರಿಯಲ್ಲಿ ಸೀಡರ್ ಕೋವ್ ಕಟ್ಟಿದರು. 2001ರ ‘16 ಲೈಟ್‌ಹೌಸ್ ರೋಡ್’ನಿಂದ ಮೊದಲಾಗಿ ಸರಣಿಯ ಹೆಚ್ಚಿನ ಪುಸ್ತಕಗಳಿಗೆ ಒಂದು ಮನೆಯ ವಿಳಾಸವೇ ಹೆಸರು.

ರಾಬಿನ್ ಕಾರ್ ಅವರ ‘ವರ್ಜಿನ್ ರಿವರ್’ (2007) ಸೂತ್ರವನ್ನು ಪಕ್ಕಾ ಮಾಡಿತು. ಗಂಡನನ್ನು ಕಳೆದುಕೊಂಡ ಸೂಲಗಿತ್ತಿ ನರ್ಸ್ ಮೆಲ್ ಲಾಸ್ ಏಂಜಲೀಸ್‌ನಿಂದ ಬೆಟ್ಟದೂರಿಗೆ ಬಂದರೆ, ಕೊಡುತ್ತೇವೆಂದಿದ್ದ ಮನೆ ಪಾಳುಬಿದ್ದಿರುತ್ತದೆ. ಮರುದಿನವೇ ಗಂಟುಮೂಟೆ ಕಟ್ಟಬೇಕೆಂದಿದ್ದವಳನ್ನು ತಡೆದು ನಿಲ್ಲಿಸುವುದು ವೈದ್ಯರ ಮನೆಬಾಗಿಲಲ್ಲಿ ಯಾರೋ ಬಿಟ್ಟುಹೋದ ಹಸುಗೂಸು. ಬಾರ್ ನಡೆಸುವ ಮಾಜಿ ಸೈನಿಕ ಜಾಕ್ ಅವಳ ಬದುಕಿಗೆ ಬರುತ್ತಾನೆ. ಯುದ್ಧದಿಂದ ಮರಳಿದ ಅವನ ಸಂಗಡಿಗರಿಗೂ ಆ ಬಾರೇ ಮನೆ. ಒಂದು ಪುಸ್ತಕದಲ್ಲಿ ಮದುವೆಯಾದವರು ಮುಂದಿನ ಪುಸ್ತಕದಲ್ಲಿ ನೆರೆಹೊರೆಯಾಗುತ್ತಾರೆ, ಓದುಗರೂ ಅವರ ಯೋಗಕ್ಷೇಮ ಕೇಳಲು ಮರಳುತ್ತಾರೆ. 2019ರಲ್ಲಿ ನೆಟ್‌ಫ್ಲಿಕ್ಸ್ ಇದನ್ನು ಧಾರಾವಾಹಿ ಮಾಡಿತು.

ಈ ಊರುಗಳಲ್ಲಿ ಬಿಳಿಯರೇ ತುಂಬಿದ್ದರು. ಬೆವರ್ಲಿ ಜೆಂಕಿನ್ಸ್ 2009ರ ‘ಬ್ರಿಂಗ್ ಆನ್ ದಿ ಬ್ಲೆಸಿಂಗ್ಸ್’ನಲ್ಲಿ ಲೆಕ್ಕ ತಿರುಗಿಸಿದರು. ವಿಚ್ಛೇದನದಿಂದ ಕೋಟಿಗಟ್ಟಲೆ ಹಣ ಪಡೆದ ಕಪ್ಪು ಮಹಿಳೆ ಬರ್ನಡೀನ್, ಗುಲಾಮಗಿರಿಯಿಂದ ಬಿಡುಗಡೆಯಾದವರು ಕ್ಯಾನ್ಸಸ್‌ನಲ್ಲಿ ಕಟ್ಟಿದ್ದ ಊರು ಇ-ಬೇಯಲ್ಲಿ ಮಾರಾಟಕ್ಕಿರುವುದನ್ನು ಕಂಡು ಇಡಿಯಾಗಿ ಕೊಳ್ಳುತ್ತಾಳೆ. ಸರ್ಕಾರದ ಪಾಲನೆಯಲ್ಲಿದ್ದ ಮಕ್ಕಳನ್ನು ಅಲ್ಲಿನ ಮನೆಗಳಿಗೆ ತರುತ್ತಾಳೆ. ಅನಾಥ ಮಗು ಇಲ್ಲಿ ಯಾರದೋ ಬಾಗಿಲಲ್ಲಿ ಆಕಸ್ಮಿಕವಾಗಿ ಸಿಗುವುದಿಲ್ಲ. ಅದಕ್ಕೊಂದು ಕಡತ, ಇಲಾಖೆ, ಹಿಂದಿನ ಮನೆಗಳ ಗಾಯ ಎಲ್ಲವೂ ಇವೆ.

ಟಿ. ಜೆ. ಕ್ಲೂನ್ ಅವರ ‘ದಿ ಹೌಸ್ ಇನ್ ದಿ ಸೆರೂಲಿಯನ್ ಸೀ’ (2020) ಆ ಇಲಾಖೆಯನ್ನೇ ಕಥೆಯ ನಡುವೆ ತಂದಿತು. ಮಾಂತ್ರಿಕ ಶಕ್ತಿಯ ಮಕ್ಕಳ ಅನಾಥಾಲಯವನ್ನು ತಪಾಸಣೆ ಮಾಡಲು ಬಂದ ಗುಮಾಸ್ತ ಲೈನಸ್‌ಗೆ ಅಲ್ಲಿನ ಮೇಲ್ವಿಚಾರಕ ಆರ್ಥರ್ ಮೇಲೆ ಪ್ರೀತಿ ಹುಟ್ಟುತ್ತದೆ. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ಸರ್ಕಾರ ಹೆತ್ತವರಿಂದ ಕಿತ್ತುಕೊಂಡ ಚರಿತ್ರೆಯನ್ನು ಓದಿದ್ದು ಈ ಕಥೆಗೆ ಪ್ರೇರಣೆ ಎಂದು ಕ್ಲೂನ್ ಹೇಳಿದಾಗ ಆಕ್ಷೇಪಗಳೂ ಬಂದವು: ಆ ನೋವಿನಿಂದ ಬೆಚ್ಚನೆಯ ಕಥೆ ಹೆಣೆಯಬಹುದೇ? 2024ರಲ್ಲಿ ಬಂದ ಮುಂದಿನ ಭಾಗದಲ್ಲಿ ಆರ್ಥರ್ ಸರ್ಕಾರದ ವಿಚಾರಣೆಯೆದುರು ನಿಂತು, ಬಾಲ್ಯದಲ್ಲಿ ತಾನು ಉಂಡ ಹಿಂಸೆಯನ್ನು ಬಾಯಿಬಿಟ್ಟು ಹೇಳುತ್ತಾನೆ.