ಪೊಲೆಂಟಾ ಮತ್ತು ಸುಣ್ಣದ ನೀರು

ಕೊಲಂಬಸನ ಪಾಠ ಬಂದಾಗ ಅಮೆರಿಕದಿಂದ ಬಂದ ಬೆಳೆಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ನಮ್ಮ ರೂಢಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ. ಬೆಳೆಯ ಜೊತೆ ಯಾವುದು ಬರಲಿಲ್ಲ ಎಂಬುದು ನಾನು ಪಾಠ ಮಾಡಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಇಟಲಿಯೆಂದರೆ ನಮಗೆ ಪಿಜ್ಜಾ, ಪಾಸ್ತಾ. ಆದರೆ ಉತ್ತರದ ವೆನೆಟೊ, ಲೊಂಬಾರ್ಡಿ ಸೀಮೆಯ ರೈತರ ಊಟ ಪೊಲೆಂಟಾ. ನಮ್ಮ ರಾಗಿಮುದ್ದೆಯ ದಾಯಾದಿ ಅನ್ನಿ. ತಾಮ್ರದ ಪಾತ್ರೆಯಲ್ಲಿ ನೀರು ಕುದಿಸಿ, ಮೆಕ್ಕೆಜೋಳದ ಹಿಟ್ಟು ಉದುರಿಸಿ, ಮುಕ್ಕಾಲು ಗಂಟೆ ಕೋಲಿನಿಂದ ತಿರುವಬೇಕು. ರಟ್ಟೆ ಸೋಲುವ ಕೆಲಸ! ಮರದ ಹಲಗೆಗೆ ಸುರಿದು, ಗಟ್ಟಿಯಾದ ಮೇಲೆ ದಾರದಿಂದ ಕತ್ತರಿಸುತ್ತಾರೆ. ಹಿಂದೆ ಇದನ್ನು ನವಣೆಯಂಥ ಕಿರುಧಾನ್ಯಗಳಿಂದ ಮಾಡುತ್ತಿದ್ದರು. 1492ರ ನಂತರ ಯುರೋಪಿಗೆ ಬಂದ ಮೆಕ್ಕೆಜೋಳ ಹೆಚ್ಚು ಇಳುವರಿ ಕೊಟ್ಟಿತು. ಗೋಧಿ ಧಣಿಗೂ ಪೇಟೆಗೂ ಹೋಯಿತು, ಮೆಕ್ಕೆಜೋಳ ಒಕ್ಕಲಿನವರಿಗೆ ಉಳಿಯಿತು. ಹಗಲೂ ಪೊಲೆಂಟಾ, ರಾತ್ರಿಯೂ ಪೊಲೆಂಟಾ. ಒಂದು ಉಪ್ಪುಮೀನನ್ನು ಮೇಜಿನ ಮೇಲೆ ದಾರದಲ್ಲಿ ತೂಗುಬಿಟ್ಟು, ಮನೆಮಂದಿಯೆಲ್ಲ ತಮ್ಮ ತುಂಡನ್ನು ಅದಕ್ಕೆ ಸವರಿ ತಿನ್ನುತ್ತಿದ್ದರೆಂದು ಅಲ್ಲಿ ಹೇಳುವುದುಂಟು.

ಹಾಗೆ ತಿಂದವರಿಗೆ ಹೊಸ ಕಾಯಿಲೆಯೊಂದು ಅಂಟಿಕೊಂಡಿತು. ವಸಂತದ ಬಿಸಿಲಿಗೆ ಕೈ, ಕುತ್ತಿಗೆಯ ಚರ್ಮ ಕೆಂಪಾಗಿ ಒಡೆಯುವುದು, ಆಮೇಲೆ ಭೇದಿ, ಕೊನೆಗೆ ಬುದ್ಧಿಭ್ರಮಣೆ, ಸಾವು. 1771ರಲ್ಲಿ ಫ್ರಾಪೊಲ್ಲಿ ಎಂಬ ವೈದ್ಯ ಇದನ್ನು ಪೆಲ್ಲಾಗ್ರ, ಅಂದರೆ ಒರಟು ಚರ್ಮ, ಎಂಬ ಹೆಸರಿನಿಂದ ದಾಖಲಿಸಿದ. 1881ರಲ್ಲಿ ಎಣಿಸಿದಾಗ ಇಟಲಿಯಲ್ಲಿ ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದರು. ಮುಗ್ಗಿದ ಕಾಳೇ ಕಾರಣವೆಂದು ಪಂಡಿತರು ವಾದಿಸಿದರು. ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯೆಂದು ತಿಳಿದದ್ದು 1937ರಲ್ಲಿ.

ಮೆಕ್ಸಿಕೋದ ಹೆಂಗಸರಿಗೆ ಈ ಕಾಯಿಲೆಯ ಕಾಟ ಇರಲಿಲ್ಲ. ಅವರು ಸಾವಿರಾರು ವರ್ಷಗಳಿಂದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಿದ್ದರು. ಕಾಳಿನೊಳಗೆ ಬಿಗಿದುಕೊಂಡ ನಯಾಸಿನ್ ಮೈಗೆ ಸಿಗುವುದು ಆ ಸುಣ್ಣದಿಂದಲೇ. ಹಡಗಿನವರು ಬೀಜವನ್ನು ತಂದರು. ರುಬ್ಬುವ ಕಲ್ಲಿನ ಮುಂದೆ ಕೂತವಳನ್ನು ಒಂದು ಮಾತು ಕೇಳಲಿಲ್ಲ. ಅಡುಗೆಮನೆಯ ತಿಳಿವಳಿಕೆಯನ್ನು ವಿದ್ಯೆಯೆಂದು ಎಣಿಸಿದವರಾದರೂ ಯಾರು?

ನಾವೂ ದೂರದವರೇನಲ್ಲ. ಬಿಳಿಜೋಳವನ್ನೇ ನೆಚ್ಚಿದ ದಖ್ಖನ್ನಿನ ಬಡವರಲ್ಲೂ ಇದೇ ಕಾಯಿಲೆ ಇರುವುದನ್ನು ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಬರೆದು ತಿಳಿಸಿದರು.

ವೆನಿಸ್ ಬಳಿಯ ಸ್ಯಾನ್ ಕ್ಲೆಮೆಂಟೆ ದ್ವೀಪದಲ್ಲಿ 1873ರಲ್ಲಿ ಹೆಂಗಸರಿಗೆಂದೇ ಹುಚ್ಚಾಸ್ಪತ್ರೆ ತೆರೆದರು. ಪೆಲ್ಲಾಗ್ರದಿಂದ ಬುದ್ಧಿ ಕೆಟ್ಟ ಹಳ್ಳಿಯ ಹೆಂಗಸರು ಅಲ್ಲಿಗೂ ಸೇರಿದರು. ಆ ಕಟ್ಟಡವನ್ನು ಮುಂದೆ ಐಷಾರಾಮಿ ಹೋಟೆಲು ಮಾಡಿದರು.